ದಬ್ಬೆ ಕಟ್ಟಿದ ಗಾಜಿನೆಳೆ

ಬೆಳಿಗ್ಗೆಯಿಂದ ಎರಡು ಗುಂಡಿ ತೋಡಿ, ಎರಡರಲ್ಲೂ ಮಣ್ಣು ಬಿಟ್ಟು ಇನ್ನೇನೂ ಸಿಗದೆ ಕೇಬಲ್ ರಿಪೇರಿಯ ಶಾಂತರಾಜು ಮೂರನೆಯದಕ್ಕೆ ಕೈ ಹಾಕಿದ್ದ. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ಫೋನಿನ ಕೇಬಲ್ಲು ನೆಲದಡಿ ಎಲ್ಲೋ ತುಂಡಾಗಿತ್ತು. ತುಂಡಾದ ಜಾಗ ಒಂಬತ್ತು ಕಿಲೋಮೀಟರ್ ದೂರ ಎನ್ನುತ್ತಿತ್ತು ಅವನ ಮೀಟರು. ದಾರಿಯಲ್ಲಿ ಅಲ್ಲಲ್ಲಿ ಮುಂದಕ್ಕಿರಲೆಂದು ಸುತ್ತಿಟ್ಟ ಹೆಚ್ಚಿನ ಕೇಬಲ್ಲನ್ನೂ ಸೇರಿಸಿಯೇ ಅದು ಹೇಳುವುದು. ಎಲ್ಲಿ ಎಷ್ಟು ಸುತ್ತಿಟ್ಟಿದ್ದಾರೋ ಹಾಕಿದವನಿಗೇ ಗೊತ್ತು, ಆ ಪುಣ್ಯಾತ್ಮ ಈಗ ಎಲ್ಲಿದ್ದಾನೋ ಶಿವನೇ ಬಲ್ಲ!

"ಏನಪ್ಪಾ ಉಡುಕ್ತಿದೀಯ?" ಎಂದಳು ಬದುವಿನ ಮೇಲೆ ನಿಂತಿದ್ದ ಚಿಕ್ಕಲಕ್ಷ್ಮಮ್ಮ, ಪಕ್ಕದ ಶುಂಠಿ ಹೊಲದವಳು. ಮೊಬೈಲನ್ನು ಆಕಾಶಕ್ಕೆ ಹಿಡಿದಿದ್ದಳು.

"ಸಿಗ್ನಲ್ ಕಣವ್ವ."

"ಟವರ್ ಅಲ್ ನಿಂತೈತೆ, ನೆಲದಲ್ಲಿ ಉಡುಕ್ತೀಯಲ್ಲ!"

"ಟವರ್‌ಗೆ ಬಾಯಿ ಕಿವಿ ಅಷ್ಟೇಯ. ಈ ದಾರೀಲಿರೋ ಏಳು ಟವರ್‌ಗೂ ಮಿದುಳು ಒಂದೇ, ಅದು ಒಳೆನರಸೀಪುರದ್ ರೂಮಲ್ ಕುಂತೈತೆ. ಮಾತು ಅಲ್ಲಿಂದ ಬೆಳಕಾಗಿ ಗಾಜಿನ ಎಳೇಲಿ ಬಂದು, ಇಲ್ಲಿ ಗಾಳಿಗೆ ಸೇರ್ಕತ್ತದೆ. ಎಳೆ ಕಡಿದ್ರೆ ಟವರ್ ಬರೀ ಕಬ್ಬಿಣ."

ಚಿಕ್ಕಲಕ್ಷ್ಮಮ್ಮನ ಮುಖ ಬಾಡಿತು. ಮಗಳು ಧನ್ಯಾ ಗಡಿಯಲ್ಲಿ ಬಿ.ಎಸ್.ಎಫ್. ಕಾವಲಿಗಿದ್ದಳು. ಅಲ್ಲಿ ಫೋನಿಗೂ ಸರದಿ: ಹದಿನೈದು ದಿನಕ್ಕೊಮ್ಮೆ, ಭಾನುವಾರ ನಾಲ್ಕರಿಂದ ನಾಲ್ಕೂವರೆಯೊಳಗೆ ಐದೇ ನಿಮಿಷ. ಹೋದ ಸರದಿಯೂ ತಪ್ಪಿ, ತಿಂಗಳಿಂದ ತಾಯಿ ಮಗಳ ದನಿ ಕೇಳಿರಲಿಲ್ಲ. ಇವತ್ತೇ ಆ ಭಾನುವಾರ, ಈಗಲೇ ಮೂರೂಕಾಲು. ಸಿಗ್ನಲ್ಲಿರುವ ಊರಿಗೆ ಬಸ್ಸು ಐದಕ್ಕೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಅವಳು ಬದುವಿನ ಮೇಲೆ ಕುಕ್ಕರಿಸಿದಳು.

"ಕಡ್ದಿದ್ದು ನಾನೇ ಕಣಪ್ಪ," ಎಂದಳು. "ಬೆಳಿಗ್ಗೆ ಕಾಲ್ವೆ ಬುಡ್ಸೋವಾಗ ಗುದ್ದಲಿಗೆ ಸಿಕ್ಬುಡ್ತು. ಕೇಸ್ ಆಕ್ತಾರೆ ಅಂತ ಎದ್ರುಕಂಡು ಮುಚ್ಬುಟ್ಟೆ."

ಶಾಂತರಾಜು ಬಾಯಿ ಬಿಟ್ಟು ನೋಡಿದ. ಈ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಅವನು ಕೇಳಿದ್ದು ಒಂದೇ ಮಾತು: 'ನಮಗ್ಗೊತ್ತಿಲ್ಲ ಸಾ.' ಜೆಸಿಬಿ ಹಲ್ಲಿಗೆ ಕೇಬಲ್ಲು ಸಿಕ್ಕಿ ನೇತಾಡುತ್ತಿದ್ದರೂ 'ನಮಗ್ಗೊತ್ತಿಲ್ಲ ಸಾ!'

"ಯಾವ ಕೇಸೂ ಇಲ್ಲ ಬಾರವ್ವ. ಗೇಣುದ್ದ ಆಳದಲ್ಲಿ ಉಗಿದೋರ್ದು ತಪ್ಪು. ಜಾಗ ತೋರ್ಸು."

ಇನ್ನೂರು ಹೆಜ್ಜೆ ಆಚೆ ಅವಳು ಮಣ್ಣು ಸರಿಸಿದಳು. ಅಯ್ಯೋ ದೇವರೇ! ಕೇಬಲ್ಲಿಗೆ ದಬ್ಬೆ ಕಟ್ಟಿದ್ದಳು. ಕರುವಿನ ಮುರಿದ ಕಾಲಿಗೆ ಕಟ್ಟುವಂತೆಯೇ ಸುತ್ತ ನಾಲ್ಕು ಬಿದಿರ ಸೀಳು, ಹಳೆ ಸೀರೆಯ ಪಟ್ಟಿ, ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು.

"ಕೂಡ್ಕತ್ತದೆ ಅಂದ್ಕಂಡಿದ್ದೆ."

"ಮೂಳೆ ಆಗಿದ್ರೆ ಕೂಡ್ಕತ್ತಿತ್ತು ಬುಡವ್ವ!" ಅವನಿಗೆ ನಗು ತಡೆಯಲಾಗಲಿಲ್ಲ. ಆದರೆ ಕಟ್ಟು ಬಿಚ್ಚಿದಾಗ ನಗು ನಿಂತಿತು. ಒಳಗೆ ಒಂದು ಹನಿ ನೀರಿಲ್ಲ, ಚೂರು ಮಣ್ಣಿಲ್ಲ. ಕೆಸರು ನುಗ್ಗಿದ್ದರೆ ಹತ್ತಾರು ಅಡಿ ಕತ್ತರಿಸಿ ಹೊಸ ಕೇಬಲ್ಲು ತರಿಸಬೇಕಿತ್ತು, ನಾಳೆಯ ಮಾತಾಗುತ್ತಿತ್ತು. ಅವಳಿಗೆ ಕೈಮುಗಿಯಬೇಕೆನಿಸಿತು.

ಕೂದಲಿನಷ್ಟು ತೆಳು ಎಳೆಗಳನ್ನು ಒರೆಸಿ ಯಂತ್ರದಲ್ಲಿಟ್ಟು ಬೆಸೆಯಬೇಕು. ಧೂಳು ಬಿದ್ದರೆ ಕೆಟ್ಟಿತು. ಚಿಕ್ಕಲಕ್ಷ್ಮಮ್ಮ ಸೆರಗನ್ನೇ ಗಾಳಿಗೆ ಅಡ್ಡ ಹಿಡಿದು ನಿಂತಳು. ಹನ್ನೆರಡು ಎಳೆಯಲ್ಲಿ ಈ ಊರಿನ ಟವರಿನ ಎರಡನ್ನೇ ಅವನು ಮೊದಲು ಹಿಡಿದ. ನಾಲ್ಕು ದಾಟಿತು. ಮೊದಲನೆಯದು ಸರಿಯಾಗದೆ ಮತ್ತೆ ಕತ್ತರಿಸಿ ಬೆಸೆದ. ನಾಲ್ಕೂ ಇಪ್ಪತ್ತು. ಎರಡನೆಯದೂ ಕೂಡಿತು. ಇಬ್ಬರೂ ಮೊಬೈಲನ್ನೇ ನೋಡಿದರು.

ನಾಲ್ಕೂ ಇಪ್ಪತ್ತೈದಕ್ಕೆ ಅದು ಬಡಿದುಕೊಂಡಿತು.

"ಧನ್ಯಾ! ಉಂಡ್ಯಾ ಮಗಾ?" ಎಂದವಳೇ ಚಿಕ್ಕಲಕ್ಷ್ಮಮ್ಮ ಗೊಳೋ ಎಂದು ಅತ್ತಳು. ಅತ್ತು ಮುಗಿಸುವ ಮೊದಲೇ, "ಇರು, ನಿನ್ ದನಿ ತಂದ್ಕೊಟ್ಟೋರ ತಾವ ಮಾತಾಡು," ಎಂದು ಫೋನನ್ನು ಶಾಂತರಾಜುವಿನತ್ತ ಚಾಚಿದಳು.

"ಬ್ಯಾಡ ಕಣವ್ವ! ಇರೋದೇ ಐದ್ನಿಮ್ಸ!"

ಅವಳು ಕೇಳಲಿಲ್ಲ, ಅವನ ಕಿವಿಗೇ ಒತ್ತಿದಳು.

"ಅಣ್ಣಾ, ನೀವು ಯಾರೋ ಗೊತ್ತಿಲ್ಲ," ಎಂದಿತು ಆಚೆಯ ದನಿ. "ನಮ್ಮವ್ವನ ದನಿ ಕೇಳಿಸಿದ್ರಿ. ನೀವು ತಣ್ಣಗಿರಿ."

ಹನ್ನೊಂದು ವರ್ಷದಲ್ಲಿ ಅವನು ಬೆಸೆದ ಎಳೆಗಳಲ್ಲಿ ಊರೂರಿನ ಮಾತು ಹರಿದಿತ್ತು. ಒಂದು ಮಾತೂ ಅವನಿಗೆಂದು ಬಂದಿರಲಿಲ್ಲ. "ನಿಮ್ಮವ್ವ ನಿಜ ಏಳುದ್ರು ತಾಯಿ, ಅದ್ಕೇ ಆಯ್ತು," ಎಂದು ಅವಸರವಾಗಿ ಫೋನು ಹಿಂತಿರುಗಿಸಿದ.

ಇನ್ನೂ ಹತ್ತು ಎಳೆ ಬಾಕಿ ಇದ್ದವು. ಕಣ್ಣು ಮಂಜಾಗಿ ಒಂದೂ ಕಾಣಲಿಲ್ಲ. ಅವಳ ಮಾತು ಮುಗಿಯುವವರೆಗೂ ಸುಮ್ಮನೆ ಕೂತ.