ಎದ್ದು ನಿಂತ ಸಭೆ

ಮಕ್ಕಳ ಆಸ್ಪತ್ರೆಯ ಎದುರು, ರಸ್ತೆಯ ಈಚೆ ಬದಿಗೆ, ಒಂದು ಆಸರೆ ಮನೆ ಇದೆ. ಮಗುವನ್ನು ಆಸ್ಪತ್ರೆಗೆ ಸೇರಿಸಿ, ಉಳಿಯಲು ದಿಕ್ಕಿಲ್ಲದೆ ನಿಂತ ಅಪ್ಪ ಅಮ್ಮಂದಿರಿಗೆ ಅಲ್ಲಿ ಪುಕ್ಕಟೆ ರೂಮು, ಎರಡು ಹೊತ್ತಿನ ಊಟ. ಪುಕ್ಕಟೆ ಎಂದರೆ ಪೂರ್ತಿ ಪುಕ್ಕಟೆಯೇನಲ್ಲ, ಆಗಾಗ ಕೃತಜ್ಞತೆ ತೋರಿಸಬೇಕು. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು, ಫೋಟೋದಲ್ಲಿ ಕಾಣಬೇಕು. ಮಂಚಕ್ಕೊಬ್ಬ ದಾನಿಯ ಹೆಸರು, ಫ್ಯಾನಿಗೊಬ್ಬರ ಹೆಸರು, ಬಚ್ಚಲಿನ ಬಕೆಟ್ಟಿನ ಮೇಲಂತೂ ಒಂದಿಡೀ ಕುಟುಂಬದ ಹೆಸರು. ಮೈಗೆ ನೀರು ಹುಯ್ದುಕೊಳ್ಳುವಾಗಲೂ ಯಾರದೋ ಋಣ ನೆನಪಾಗುತ್ತಿರಬೇಕು.

ಕೃತಜ್ಞತೆಯ ವಿಷಯದಲ್ಲಿ ಟೈಲರಮ್ಮನನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲ. ಮಂಕು ದೀಪದಲ್ಲಿ ವರ್ಷಗಟ್ಟಲೆ ಸೂಜಿಗೆ ದಾರ ಪೋಣಿಸಿದ ಕಣ್ಣು ಅವಳದು, ಜೋರು ಬೆಳಕು ಬಿದ್ದರೆ ಸಾಕು, ಧಾರಾಳವಾಗಿ ನೀರು ಸುರಿಯುತ್ತಿತ್ತು. ದಾನಿಗಳು ಬಂದಾಗ ಕ್ಯಾಮೆರಾದವನು ದೀಪ ಹೊತ್ತಿಸುತ್ತಿದ್ದ, ಟೈಲರಮ್ಮ ಕಣ್ಣೀರಾಗುತ್ತಿದ್ದಳು, ದಾನಿಗಳು ಧನ್ಯರಾಗುತ್ತಿದ್ದರು. ಮ್ಯಾನೇಜರಿಗೆ ಇನ್ನೇನು ಬೇಕು?

ಅವಳ ಮಗಳ ಹೃದಯದಲ್ಲೊಂದು ತೂತಿತ್ತು. ಹಿಂದಿನ ದಿನವಷ್ಟೇ ಅದಕ್ಕೆ ಆಪರೇಷನ್ ಆಗಿತ್ತು. ಬಾಯಿಗೆ ಹಾಕಿದ ಉಸಿರಿನ ನಳಿಕೆ ತೆಗೆದು ಎಚ್ಚರ ಮಾಡಿಸುವಾಗ ಕರೆಯುತ್ತೇವೆ, ಅಲ್ಲಿಯವರೆಗೆ ಒಳಗೆ ಯಾರೂ ನಿಲ್ಲುವಂತಿಲ್ಲ ಎಂದು ಸಿಸ್ಟರ್ ಹೇಳಿ ಕಳಿಸಿದ್ದರು. ಆಪರೇಷನ್ನಿಗೆ ಒಯ್ಯುವಾಗ ಮಗಳು ಸೆರಗು ಹಿಡಿದು, "ನಾನು ಕಣ್ಣು ಬಿಟ್ಟಾಗ ಮೊದಲು ನೀನೇ ಕಾಣ್ಬೇಕು," ಎಂದಿದ್ದಳು. "ನಾನೇ ಇರ್ತೀನಿ ಪುಟ್ಟಿ," ಎಂದು ಅಮ್ಮ ಮಾತು ಕೊಟ್ಟಿದ್ದಳು. ಆ ಮಗುವಿಗೆ ಅವಳು ಕೊಡಬಹುದಾಗಿದ್ದದ್ದು ಆ ಮಾತೊಂದೇ, ಮಿಕ್ಕಿದ್ದೆಲ್ಲ ಡಾಕ್ಟರ ಕೈಯಲ್ಲಿತ್ತು.

"ಸಾರ್, ಇವತ್ತೊಂದಿನ ನನ್ನ ಬಿಟ್ಬಿಡಿ," ಎಂದು ಅವಳು ಮ್ಯಾನೇಜರನ್ನು ಬೇಡಿಕೊಂಡಳು. "ಸಿಸ್ಟರ್ ಫೋನ್ ಮಾಡಿದ ತಕ್ಷಣ ನಾನು ಓಡ್ಬೇಕು."

"ಸ್ವಲ್ಪ ಹೊತ್ತಿನ ಕೆಲಸ ಕಣಮ್ಮ. ವಾಷಿಂಗ್ ಮಷೀನ್ ಕೊಟ್ಟೋರು ಬರ್ತಿದಾರೆ, ಸಾಮಾನ್ಯದವರಲ್ಲ."

"ಬೇರೆ ಯಾರನ್ನಾದ್ರೂ ಮುಂದೆ ಕೂರಿಸಿ ಸಾರ್."

"ಬೇರೆಯವರು ಅತ್ರೆ ದೂರು ಹೇಳ್ದಂಗೆ ಕಾಣುತ್ತೆ. ನೀವು ಅತ್ರೆ ಸಂತೋಷಕ್ಕೆ ಅತ್ತಂಗಿರುತ್ತೆ. ಅದು ಎಲ್ರಿಗೂ ಬರಲ್ಲಮ್ಮ."

ಆಗಲ್ಲ ಎನ್ನಬಹುದಿತ್ತು. ಆದರೆ ಯಾರ ರೂಮು ಮುಂದುವರಿಯಬೇಕು, ಯಾರು ಗಂಟುಮೂಟೆ ಕಟ್ಟಬೇಕು ಎನ್ನುವುದು ಇದೇ ಮಹಾನುಭಾವನ ಕೈಯಲ್ಲಿತ್ತು. ಅಲ್ಲದೆ ಸುಳ್ಳೇಕೆ, ಟೈಲರಮ್ಮನಿಗೆ ಈ ಮನೆಯ ಮೇಲೆ ನಿಜಕ್ಕೂ ಕೃತಜ್ಞತೆ ಇತ್ತು. ಮೊದಮೊದಲು ಅವಳು ಆಸ್ಪತ್ರೆಯ ಮೆಟ್ಟಿಲ ಕೆಳಗೆ ಚೀಲವನ್ನೇ ದಿಂಬು ಮಾಡಿಕೊಂಡು ಮಲಗಿದ್ದವಳು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಎಂದರೇನೆಂದು ಅಂಥವರಿಗೇ ಗೊತ್ತು. ಹಾಗಾಗಿ ಒಪ್ಪಿಕೊಂಡಳು. ಮಷೀನಿಗೆ ಮುಚ್ಚುವ ಮಖಮಲ್ಲಿನ ಪರದೆಯನ್ನೂ ಅವಳೇ ಹೊಲಿದುಕೊಟ್ಟಿದ್ದಳು.

ಸಭೆಗೆ ಮುಂಚೆ ಮ್ಯಾನೇಜರ್ ಎಲ್ಲರ ಫೋನುಗಳನ್ನೂ ಒಂದು ಬುಟ್ಟಿಗೆ ಹಾಕಿಸಿಕೊಂಡು, ಆಫೀಸು ರೂಮಿನಲ್ಲಿಟ್ಟು ಬೀಗ ಜಡಿದು, ಕೀಲಿಕೈಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟ. ಹಿಂದೊಮ್ಮೆ ಭಾಷಣದ ನಡುವೆ ಫೋನು ಹೊಡೆದುಕೊಂಡು ದಾನಿಯೊಬ್ಬರ ಮನಸ್ಸಿಗೆ ನೋವಾಗಿತ್ತಂತೆ. "ರಿಂಗಾದ್ರೆ ನಾನೇ ತಂದ್ಕೊಡ್ತೀನಿ," ಎಂದು ಟೈಲರಮ್ಮನಿಗೆ ಅಭಯ ಕೊಟ್ಟ.

ಇಲ್ಲಿ ಆ ಮನೆಯವರ ಒಂದು ಅಭ್ಯಾಸ ಹೇಳಬೇಕು. ಅಲ್ಲಿ ಯಾರ ಫೋನು ಹೊಡೆದುಕೊಂಡರೂ ಎಲ್ಲರೂ ಎದ್ದು ನಿಲ್ಲುತ್ತಾರೆ. ತಟ್ಟೆಯಲ್ಲಿ ಕೈಯಿಟ್ಟವರು ಹಾಗೆಯೇ ಏಳುತ್ತಾರೆ, ತಲೆಗೆ ಸೋಪು ಹಚ್ಚಿಕೊಂಡವರು ಬಚ್ಚಲಿನಿಂದ ಇಣುಕುತ್ತಾರೆ. ಯಾರದೆಂದು ತಿಳಿದ ಮೇಲೆ ಉಳಿದವರು ಕೂರುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಆಸ್ಪತ್ರೆಯ ಫೋನಿಗೆ ಕಾದು ಕಾದು ಕಾಲುಗಳೇ ಕಲಿತದ್ದು.

ದಾನಿಗಳು ಪರದೆ ಸರಿಸಿದರು. ಮಷೀನಿಗಿಂತ ಹೆಸರಿನ ಫಲಕವೇ ಕಣ್ಣಿಗೆ ಹೊಡೆಯುವಂತಿತ್ತು. ಕೊಳೆ ಬಟ್ಟೆಯಿಂದ ಶುರುವಾದ ಭಾಷಣ ಮನಸ್ಸಿನ ಕೊಳೆಗೆ ಬಂದು ನಿಂತಿತ್ತು. ಆಗ ಆಫೀಸಿನ ಬಾಗಿಲಾಚೆ, ಬುಟ್ಟಿಯ ತಳದಲ್ಲೆಲ್ಲೋ ಒಂದು ಫೋನು ಸಣ್ಣಗೆ ಹೊಡೆದುಕೊಂಡಿತು.

ಇಡೀ ಸಭೆ ಧಡಕ್ಕನೆ ಎದ್ದು ನಿಂತಿತು.

ದಾನಿಗಳು ಅವಾಕ್ಕಾದರು. ತಮ್ಮ ಸ್ವಂತ ಫ್ಯಾಕ್ಟರಿಯಲ್ಲೂ ಅವರಿಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. "ಕೂತ್ಕೊಳಿ, ಕೂತ್ಕೊಳಿ! ಇಷ್ಟು ದೊಡ್ಡ ಗೌರವಕ್ಕೆ ನಾನು ಯೋಗ್ಯನಲ್ಲ," ಎಂದು ಕೈಮುಗಿದು, ಯೋಗ್ಯರಾಗುವ ಹಟದಿಂದ ಭಾಷಣವನ್ನು ತಮ್ಮ ಬಾಲ್ಯಕ್ಕೆ ತಿರುಗಿಸಿದರು. ಮ್ಯಾನೇಜರ್ ಕಣ್ಣಲ್ಲೇ ಎಲ್ಲರನ್ನೂ ಕೂರಿಸಿದ. ಆಫೀಸಿನ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

"ಯಾರದಿರ್ಬೋದೇ?" ಪಕ್ಕದಲ್ಲಿದ್ದ ಅಜ್ಜಿ ಪಿಸುಗುಟ್ಟಿದಳು. ಅವಳ ಮೊಮ್ಮಗನೂ ಅದೇ ವಾರ್ಡಿನಲ್ಲಿದ್ದ. ಟೈಲರಮ್ಮ ಮ್ಯಾನೇಜರನ ಜೇಬನ್ನೇ ನೋಡುತ್ತಿದ್ದಳು.

ಮತ್ತೆ ಫೋನು, ಮತ್ತೆ ಎಲ್ಲರೂ ಎದ್ದರು. ಈಗ ದಾನಿಗಳ ಕಣ್ಣೇ ತುಂಬಿ ಬಂತು. ಬಟ್ಟೆ ಒಣಗಿಸುವ ಮಷೀನನ್ನೂ ಕೊಡುವುದಾಗಿ ಅಲ್ಲೇ ಸಾರಿದರು. ಮ್ಯಾನೇಜರನ ಮುಖ ಅರಳಿತು. ಇನ್ನೆರಡು ಸಲ ಎದ್ದರೆ ಲಿಫ್ಟೇ ಬಂದೀತೆಂದು ಆಸೆಪಟ್ಟನೋ ಏನೋ!

ಮೂರನೆಯ ಸಲ ಹೊಡೆದುಕೊಂಡಾಗ ಎದ್ದ ಟೈಲರಮ್ಮ ಕೂರಲಿಲ್ಲ. ನೇರ ವೇದಿಕೆಗೆ ನಡೆದಳು. ಉಕ್ಕಿ ಬಂದ ಕೃತಜ್ಞತೆಯೆಂದು ದಾನಿಗಳು ಎರಡೂ ತೋಳು ಚಾಚಿ ಮುಂದೆ ಬಂದರು, ಕ್ಯಾಮೆರಾದವನು ದೀಪ ಹೊತ್ತಿಸಿದ. ಅವಳು ಆ ತೋಳಿನ ಕೆಳಗೆ ನುಸುಳಿ, ಹಿಂದೆ ನಿಂತಿದ್ದ ಮ್ಯಾನೇಜರನ ಜೇಬಿಗೇ ಕೈಹಾಕಿ ಕೀಲಿಕೈ ಕಿತ್ತುಕೊಂಡಳು. ಬಾಗಿಲು ತೆರೆದದ್ದೇ ತಡ, ಸಭೆಗೆ ಸಭೆಯೇ ಬುಟ್ಟಿಗೆ ಮುಗಿಬಿತ್ತು. ಆ ಫೋಟೋ ಈಗಲೂ ಅಲ್ಲಿನ ಗೋಡೆಯ ಮೇಲಿದೆ, ದಾನಿಗಳು ಗಾಳಿಯನ್ನು ಅಪ್ಪಿಕೊಂಡು ನಗುತ್ತಿದ್ದಾರೆ.

ಹೊಡೆದುಕೊಂಡಿದ್ದು ಮೂರು ಸಲವೂ ಅವಳದೇ ಫೋನು.

ರಸ್ತೆ ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್, "ಎಷ್ಟು ಸಲ ಮಾಡೋದಮ್ಮ ಫೋನು? ಎಚ್ಚರ ಆದಾಗಿಂದ ಬಾಗಿಲನ್ನೇ ನೋಡ್ತಾ ಇದಾಳೆ," ಎಂದರು.

ಮಗಳು ಈಗಲೂ ಬಾಗಿಲನ್ನೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿ ಗೆರೆ ಕಟ್ಟಿತ್ತು. ನಳಿಕೆ ತೆಗೆದ ಗಂಟಲಿನಿಂದ ಗೊಗ್ಗರು ದನಿ ಹೊರಟಿತು.

"ಎಲ್ಲಿಗೆ ಹೋಗಿದ್ದೆ?"

ಟೈಲರಮ್ಮನ ಕಣ್ಣಲ್ಲಿ ನೀರು ಸುರಿಯತೊಡಗಿತು. ಅಲ್ಲಿ ಯಾವ ಜೋರು ದೀಪವೂ ಇರಲಿಲ್ಲ.

"ಥ್ಯಾಂಕ್ಸ್ ಹೇಳಕ್ಕೆ ಹೋಗಿದ್ದೆ ಪುಟ್ಟಿ."

"ಯಾತಕ್ಕೆ?"

ಅಮ್ಮ ಮಗಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ.

"ನಿನ್ನ ಹತ್ರ ಇರಕ್ಕೆ ಜಾಗ ಕೊಟ್ಟಿದ್ರಲ್ಲ, ಅದಕ್ಕೆ."