ಮೊದಲನೆಯ ಬೇಡ

ಪ್ರತಿ ಜುಲೈ ತಿಂಗಳಲ್ಲಿ ನಾನೂ ನನ್ನಕ್ಕ ಅಟ್ರಾಕ್ಟಾಳೂ ಸ್ಲೈಗೋ ಕಡಲತೀರದಲ್ಲಿ ಒಂದು ವಾರ ಕಳೆಯುತ್ತೇವೆ. ಈ ವರ್ಷ ನಾನು ಮನಸ್ಸಿನಲ್ಲಿ ಒಂದು ಆಸೆ ಇಟ್ಟುಕೊಂಡೇ ಹೋಗಿದ್ದೆ. ಡಬ್ಲಿನ್ನಿನಲ್ಲಿ ಇಪ್ಪತ್ತು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡಬೇಕು. ಇದು ಅಕ್ಕನಿಗೂ ಗೊತ್ತಿತ್ತು. ರಾಸ್‌ಕಾಮನ್ನಿನ ಅಕ್ಕನ ಮನೆಯ ಮಹಡಿಯಲ್ಲಿ ಎರಡು ಕೋಣೆ ಸುಮ್ಮನೆ ಬಿದ್ದಿವೆ. ಅವಳು ಒಂದು ಸಲ ಬಾ ಅಂದರೆ ಸಾಕಿತ್ತು. ಅರವತ್ತಮೂರನೆಯ ವಯಸ್ಸಿನಲ್ಲಿ ಗೊತ್ತಿಲ್ಲದ ಬೀದಿಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಕೂರುವುದನ್ನು ನೆನೆಸಿದರೆ ನನಗೆ ಹೆದರಿಕೆಯಾಗುತ್ತಿತ್ತು.

ನಾನಾಗಿ ಕೇಳುವ ಹಾಗಿಲ್ಲ. ನಮ್ಮಲ್ಲಿ ಬಾಯಿಬಿಟ್ಟು ಕೇಳುವುದು ನಾಚಿಕೆಗೇಡು. ಕೊಟ್ಟ ಕೂಡಲೇ ತೆಗೆದುಕೊಳ್ಳುವುದು ಇನ್ನೂ ನಾಚಿಕೆಗೇಡು. ಚಹಾ ಕುಡೀತೀರಾ ಅಂದರೆ ಮೊದಲನೆಯ ಸಲ ಬೇಡ, ಎರಡನೆಯ ಸಲ ನಿಮಗ್ಯಾಕೆ ತೊಂದರೆ, ಮೂರನೆಯ ಸಲಕ್ಕೆ ಕುರ್ಚಿ ಎಳೆದುಕೊಳ್ಳುವುದು. ಈ ವಿದ್ಯೆಯಲ್ಲಿ ಅಕ್ಕನನ್ನು ಮೀರಿಸುವವರಿಲ್ಲ.

ಮೊದಲೆರಡು ದಿನ ಎಂದಿನಂತೆ ಕಳೆದವು. ಬಿಸಿನೀರಿನ ತೊಟ್ಟಿಯಲ್ಲಿ ಕಡಲಪಾಚಿ ತುಂಬಿ ಸ್ನಾನ ಮಾಡಿಸುವಲ್ಲಿಗೆ ಹೋಗಿ ಒಂದು ಗಂಟೆ ನೆನೆದು ಬಂದೆವು. ಮರಳ ಮೇಲೆ ಊರಾಚೆಯ ತನಕ ನಡೆದೆವು. ಗೋಡೆಯ ಮೇಲೆ ಕೂತು, ಬೇಯಿಸಿದ ಕಡಲ ಬಸವನಹುಳುಗಳನ್ನು ಗುಂಡುಸೂಜಿಯಿಂದ ಕಿತ್ತು ತಿಂದೆವು. ಅಕ್ಕ ಮನೆಯ ವಿಷಯ ಎತ್ತಲಿಲ್ಲ.

ಬುಧವಾರ ದೋಣಿಕಟ್ಟೆಯಲ್ಲಿ ಮ್ಯಾನಸ್ ಸಿಕ್ಕ. ಪ್ರವಾಸಿಗಳನ್ನು ಸೀಲ್ ಎಂಬ ಕಡಲಪ್ರಾಣಿಗಳಿರುವ ಬಂಡೆಗೆ ಕರೆದೊಯ್ಯುವ ದೋಣಿಯವನು. ಈ ಊರಿನವನೇ, ಆದರೆ ಇಪ್ಪತ್ತು ವರ್ಷ ನಾರ್ವೆಯ ಹಡಗುಗಳಲ್ಲಿ ದುಡಿದು ಹೋದ ವರ್ಷವಷ್ಟೇ ಮರಳಿದ್ದ. ಸೀಲ್ ಮರಿಗಳನ್ನು ಹತ್ತಿರದಿಂದ ನೋಡಬೇಕೆಂದು ಅಕ್ಕ ಜನವರಿಯಿಂದ ಜಪ ಮಾಡುತ್ತಿದ್ದಳು.

"ಎರಡು ಜಾಗ ಖಾಲಿ ಇದೆ. ಬರ್ತೀರಾ?" ಅಂದ ಮ್ಯಾನಸ್.

"ಅಯ್ಯೋ ಬೇಡಪ್ಪ, ನಮ್ಮಂಥ ಮುದುಕೀರನ್ನ ಹತ್ತಿಸಿ ಇಳಿಸೋದು ನಿಂಗ್ಯಾಕೆ ತೊಂದ್ರೆ," ಅಂದಳು ಅಕ್ಕ.

"ಸರಿ ಬಿಡಿ," ಎಂದು ಅವನು ಹಿಂದೆ ನಿಂತಿದ್ದ ಡಚ್ ದಂಪತಿಯನ್ನು ಹತ್ತಿಸಿಕೊಂಡು ಹಗ್ಗ ಬಿಚ್ಚಿದ.

ಅಕ್ಕ ಬಾಯಿ ತೆರೆದುಕೊಂಡೇ ನಿಂತಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇನ್ನೂ ಎರಡು ಸಲ ಕೇಳ್ತಾನೆ ಅಂತ ಕಾಯ್ತಿದ್ಯಾ, ಮಹಾರಾಣಿ? ಕೈ ಬೀಸು, ಸೀಲ್‌ಗಳಾದ್ರೂ ನಿನ್ನನ್ನ ನೋಡ್ಲಿ."

ಅವಳು ನಗಲಿಲ್ಲ. "ಅವನದ್ದೇನೂ ತಪ್ಪಿಲ್ಲ ಕಣೆ ಫಿಡೆಲ್ಮಾ. ಬೇಡ ಅಂದೆ, ಬೇಡ ಅಂತ ತಿಳ್ಕೊಂಡ. ಅರವತ್ತೆಂಟು ವರ್ಷ ಜನರ ಪ್ರಾಣ ತಿಂದಿದ್ದು ಸಾಕು. ಇನ್ಮೇಲೆ ಕೇಳೋದೂ ಒಂದೇ ಸಲ, ಹೇಳೋದೂ ಒಂದೇ ಸಲ."

ಆ ಸಂಜೆ ಅಂಗಡಿಯವನು ಕರಿದ ಮೀನು ಬೇಕಾ ಅಂದಾಗ, "ಬೇಕು, ದೊಡ್ಡದು," ಅಂದುಬಿಟ್ಟಳು. ನಾನು ಇನ್ನಷ್ಟು ನಕ್ಕೆ.

ಗುರುವಾರ ಮಳೆ. ಮಳೆ ಬಂದರೆ ಇಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಕಡಲಿಗೆ ಎದುರಾಗಿ ಕಾರು ನಿಲ್ಲಿಸಿ, ಗಾಜು ಮಬ್ಬಾಗುವ ತನಕ ಫ್ಲಾಸ್ಕಿನ ಚಹಾ ಕುಡಿಯುತ್ತಾ ಕೂತೆವು. ಅಲೆಗಳನ್ನೇ ನೋಡುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ, "ಅಕ್ಟೋಬರಿಂದ ನಮ್ಮನೇಲೇ ಬಂದಿರ್ತೀಯಾ?" ಅಂದಳು.

ನಾನು ಕಾಯುತ್ತಿದ್ದ ಮಾತು ಅದೇ. ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು, "ಅಯ್ಯೋ ಬೇಡಕ್ಕ, ನಿಂಗ್ಯಾಕೆ ತೊಂದ್ರೆ," ಅಂದಿತು.

"ಸರಿ ಹಾಗಾದ್ರೆ," ಎಂದು ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

ನಾನು ಕಾದೆ. ಶುಕ್ರವಾರ ಪೂರ್ತಿ ಕಾದೆ. ಮರಳ ಮೇಲೆ ನಡೆಯುವಾಗ ಅವಳು ಹವೆಯ ವಿಷಯ ಮಾತಾಡಿದಳು, ನೆರೆಮನೆಯ ನಾಯಿಯ ವಿಷಯ ಮಾತಾಡಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನನ್ನ ನಾಲಿಗೆಯ ಮೇಲೆ ಬಂತು.

ಶನಿವಾರ ಅವಳು ನನ್ನನ್ನು ಸ್ಲೈಗೋ ರೈಲು ನಿಲ್ದಾಣಕ್ಕೆ ತಂದು ಬಿಟ್ಟಳು. ಡಬ್ಲಿನ್ ರೈಲು ಆಗಲೇ ಬಂದು ನಿಂತಿತ್ತು. ಜನ ಹತ್ತುತ್ತಿದ್ದರು.

"ಅಕ್ಕ, ಇನ್ನೊಂದ್ ಸಲ ಕೇಳು," ಅಂದೆ.

"ಏನು ಕೇಳೋದು? ನೀನು ಬೇಡ ಅಂದ್ಯಲ್ಲ."

"ಅದು ಮೊದಲನೇ ಬೇಡ."

"ಎರಡನೇ ಸಲ ಕೇಳೋದು ಬಿಟ್ಟಿದೀನಿ ಅಂತ ಹೇಳಿದ್ದೆ. ಬೇಕಿದ್ರೆ ನೀನೇ ಹೇಳು," ಅಂದಳು. ದನಿ ಗಟ್ಟಿಯಾಗಿಯೇ ಇತ್ತು, ಆದರೆ ನನ್ನ ಚೀಲವನ್ನು ಕೊಡದೆ ಹಿಡಿದುಕೊಂಡೇ ನಿಂತಿದ್ದಳು.

ಹುಟ್ಟಿದಾರಭ್ಯ ನಾನು ಯಾರ ಹತ್ತಿರವೂ ಹಾಗೆ ಕೇಳಿದವಳಲ್ಲ. ಪಕ್ಕದಲ್ಲಿದ್ದ ಹೆಂಗಸು ಕೇಳಿಸಿಕೊಳ್ಳುತ್ತಿದ್ದದ್ದು ಗೊತ್ತಾಯಿತು.

"ನಾನು ನಿನ್ ಜೊತೆ ಬಂದಿರ್ಲಾ ಅಕ್ಕ? ನಂಗೆ ಒಬ್ಬಳೇ ಇರೋಕೆ ಆಗಲ್ಲ."

"ಬಾ," ಅಂದಳು ಅಕ್ಕ, ನಾನು ಮಾತು ಮುಗಿಸುವ ಮೊದಲೇ. ಆಮೇಲೆ ನನ್ನ ಕೋಟಿನ ತೋಳು ಹಿಡಿದುಕೊಂಡು ಮೆಲ್ಲಗೆ, "ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಕಣೆ. ನಿಜವಾಗ್ಲೂ ನಿಂಗೆ ನಾನು ಬೇಡ ಅನ್ಕೊಂಡಿದ್ದೆ," ಅಂದಳು.