ಹೆಸರು ಕೂಗುವ ದಿನ

ಅಮೆರಿಕದ ಕೆಂಟಕಿಯ ಆ ನದಿದಂಡೆಯಲ್ಲಿ ಆಗೆಲ್ಲ ಓಟು ಗುಟ್ಟಿನ ವ್ಯವಹಾರವಲ್ಲ. ಓಟು ಬರೆದುಕೊಳ್ಳುವ ಶೆರೀಫನ ಮೇಜಿನ ಮುಂದೆ ನಿಂತು, ಊರಿಗೆಲ್ಲ ಕೇಳುವಂತೆ ಹೆಸರು ಕೂಗಬೇಕು. ಯಾರ ಹೆಸರು ಬಂತೋ ಅವನು ಎದ್ದು, ಟೋಪಿ ತೆಗೆದು, ಉಪಕಾರ ಹೇಳಬೇಕು. ಹಾಗೆ ಎದ್ದೂ ಕೂತೂ ಲೆಮ್ಯುಯೆಲ್ ಪ್ರುಯಿಟ್‌ನ ಮಂಡಿ ಸವೆದಿತ್ತು. ಕಾಡಿನೊಳಗೆ ರಸ್ತೆ ತಂದವನು, ಕೋರ್ಟು ತಂದವನು. ಉಳಿದದ್ದಕ್ಕೆ ಮಾತಿನಲ್ಲೇ ಮಂಟಪ ಕಟ್ಟಿದವನು. ಈ ಸಲ ಎದುರಿಗೆ ನಿಂತವನು ಗಿರಣಿಯ ಏಸಾ ಗುಡ್ಲೆಟ್.

ಆದರೆ ಲೆಮ್ಯುಯೆಲನಿಗೆ ಬೇಕಿದ್ದುದು ಗೆಲುವಲ್ಲ. ಅಣ್ಣ ಮೈಕಾಜಾ ಒಮ್ಮೆ ತನ್ನ ಹೆಸರು ಹೇಳಬೇಕು, ಅಷ್ಟೇ. ತಾಯಿ ಸಾಯುವಾಗ ಲೆಮ್ಯುಯೆಲ್ ಶಾಸನಸಭೆಯಲ್ಲಿ ರಸ್ತೆಯ ಭಾಷಣ ಬಿಗಿಯುತ್ತಿದ್ದ. ಅಣ್ಣ ಒಬ್ಬನೇ ಗುಂಡಿ ತೋಡಿ ಮಣ್ಣು ಮಾಡಿದ. ಅಂದಿನಿಂದ ತಮ್ಮನ ಹೆಸರು ಅವನ ಬಾಯಲ್ಲಿ ಬಂದಿಲ್ಲ. ಆಚೆ ದಡದಲ್ಲಿದ್ದ ಅವನು ಓಟಿನ ದಿನ ನದಿ ದಾಟಿದ್ದೂ ಇಲ್ಲ.

ಆಗಸ್ಟಿನ ಆ ಇಳಿಹೊತ್ತಿನಲ್ಲಿ ನದಿಯ ಮಂಜು ಮೆಲ್ಲಗೆ ಜೋಳದ ಹೊಲ ಹತ್ತುತ್ತಿತ್ತು. ಓಟು ಹಾಕುವವರಿಗೆಂದು ಇಟ್ಟ ವಿಸ್ಕಿಯ ಪೀಪಾಯಿ ತಳ ಕಂಡಿತ್ತು. ಕೂಗಿದ ಹೆಸರುಗಳು ಲೆಮ್ಯುಯೆಲನಿಗೆ ನೀರಿನಡಿಯಿಂದ ಬಂದಂತೆ ಕೇಳುತ್ತಿದ್ದವು. ಕೂತಲ್ಲೇ ಕಣ್ಣು ಎಳೆಯಿತು. ಅವನು ಮತ್ತೆ ಹುಡುಗನಾಗಿ ಆಳೆತ್ತರದ ಜೊಂಡಿನಲ್ಲಿ ದಾರಿ ತಪ್ಪಿದ್ದ. ಪಕ್ಕದಲ್ಲೇ ಕಾಡೆಮ್ಮೆಗಳ ಉಸಿರು. ದೂರದಲ್ಲೆಲ್ಲೋ ಅಣ್ಣ ಹೆಸರು ಹಿಡಿದು ಕೂಗುತ್ತಿದ್ದ. ಆ ಕೂಗನ್ನೇ ಹಿಡಿದು ಅಂದು ಅವನು ಮನೆ ಸೇರಿದ್ದ.

"ಓಟು ಸಮ ಸಮ ಆಗೈತೆ ಕಣ್ರಪ್ಪೋ! ಇನ್ಯಾರಾದ್ರೂ ಉಳ್ದಿದ್ದೀರಾ?" ಶೆರೀಫ್ ಅರಚಿದ. ಲೆಮ್ಯುಯೆಲ್ ಕಣ್ಣು ಬಿಟ್ಟ.

ದೋಣಿಯಿಂದ ಇಳಿದು ಮಂಜಿನೊಳಗಿಂದ ಬರುತ್ತಿದ್ದವನು ಮೈಕಾಜಾ. ಜನ ದಾರಿ ಬಿಟ್ಟರು.

"ಯಾರಿಗೆ ಹಾಕ್ತೀಯ, ಮೈಕಾಜಣ್ಣ?" ಶೆರೀಫ್ ಕೇಳಿದ.

ಮುದುಕ ಗಂಟಲು ಸರಿಮಾಡಿಕೊಂಡ. "ಲೆಮ್ಯುಯೆಲ್ ಪ್ರುಯಿಟ್..."

ಲೆಮ್ಯುಯೆಲ್ ದಡಕ್ಕನೆ ಎದ್ದ. ಟೋಪಿ ತೆಗೆದು ತಲೆ ಬಾಗಿಸಿದ. "ನಿನ್ನ ಉಪಕಾರ ಮರೆಯಲ್ಲ, ಅಣ್ಣ."

"ಪೂರ್ತಿ ಕೇಳಿಸ್ಕೊಳ್ಳೋ, ಬಾಯಿಬಡ್ಕ! ಲೆಮ್ಯುಯೆಲ್ ಪ್ರುಯಿಟ್ ಊರಿಗೆ ದುಡ್ದಿದ್ದು ಸಾಕು, ಇನ್ನು ಮನೇಲಿರ್ಲಿ ಅಂತ ಹೇಳಕ್ ಬಂದೆ. ನನ್ನ ಓಟು ಏಸಾ ಗುಡ್ಲೆಟ್‌ಗೆ."

ಜನ ಘೊಳ್ಳೆಂದು ನಕ್ಕರು. ಏಸಾ ಎದ್ದು ಟೋಪಿ ತೆಗೆದ. ಲೆಮ್ಯುಯೆಲ್ ಇನ್ನೂ ಕೂತಿರಲಿಲ್ಲ. ಅಷ್ಟು ಸಂತೋಷ ಅವನಿಗೆ ಯಾವ ಗೆಲುವಿನಲ್ಲೂ ಆಗಿರಲಿಲ್ಲ.

"ಸೋತಿದ್ದೀಯ ಕಣೋ," ಎಂದ ಅಣ್ಣ, ಆಗಲೇ ದೋಣಿಯತ್ತ ತಿರುಗಿ. "ಬಾ, ಅಮ್ಮನ ಗೋರಿಗೆ ಹೋಗ್ಬರೋಣ. ಲೆಮ್! ಬಾರೋ ಲೆಮ್!"

ಕಣ್ಣು ತುಂಬಿ ದಾರಿ ಕಾಣದಿದ್ದರೂ ಲೆಮ್ಯುಯೆಲ್ ಆ ಕೂಗಿನ ಹಿಂದೆಯೇ ನಡೆದ.